ಅಕ್ಕಯ್ಯಮ್ಮನ ಮೂಗು

ಮಲ್ಲತ್ತಹಳ್ಳಿಯ ಹಳೇ ಊರಿನ ಬೀದಿಯಲ್ಲಿ ಅಕ್ಕಯ್ಯಮ್ಮನ ಮೂಗಿನ ವಿಚಾರ ಗೊತ್ತಿಲ್ಲದವರು ಕಡಿಮೆ. ನೋಡುವುದಕ್ಕೆ ಅಂಥ ವಿಶೇಷವೇನಿಲ್ಲ. ಸ್ವಲ್ಪ ಮೊಂಡು ಮೂಗು, ಎರಡೂ ಕಡೆ ಹಳೇ ಕಾಲದ ಕೆಂಪು ಹರಳಿನ ಮೂಗುಬೊಟ್ಟು. ಆದರೆ ಅದು ಮಾಡುವ ಕೆಲಸ ದೊಡ್ಡದು. ಪಕ್ಕದ ಮನೆಯ ದೋಸೆಹಿಟ್ಟು ಹುಳಿ ಬಂದರೆ ಆ ಮನೆಯವರಿಗಿಂತ ಮೊದಲು ಈಕೆಗೆ ತಿಳಿಯುತ್ತಿತ್ತು. ಮಗ ರಾಜೇಂದ್ರ ಕಾಲೇಜಿನ ದಿನಗಳಲ್ಲಿ ಕದ್ದು ಸಿಗರೇಟು ಸೇದಿ, ಏಲಕ್ಕಿ ಅಗಿದು, ಹಿತ್ತಲ ಬಾಗಿಲಿನಿಂದ ಒಳಗೆ ಬಂದರೂ ಅಡುಗೆಮನೆಯಿಂದಲೇ "ಬಾಯಿ ತೊಳ್ಕೊಂಡು ಊಟಕ್ಕೆ ಬಾ" ಎನ್ನುತ್ತಿದ್ದಳು. ಚಳಿಗಾಲ ಬಂತೆಂದರೆ ಈ ಮೂಗಿನ ಮೇಲೆ ಒಂದು ಹೋಟೆಲೇ ನಡೆಯುತ್ತಿತ್ತು.

ಹೋಟೆಲು ರಾಜೇಂದ್ರನದು. ಚಂದ್ರಾ ಲೇಔಟಿನಲ್ಲಿ, ನಿಂತು ತಿನ್ನುವ ಕಲ್ಲುಮೇಜುಗಳ ಸಣ್ಣ ದರ್ಶಿನಿ. ವರ್ಷವಿಡೀ ಇಡ್ಲಿ, ವಡೆ, ಚೌಚೌಬಾತು. ಅದೇ ಇಡ್ಲಿವಡೆ ಅದೇ ರಸ್ತೆಯಲ್ಲಿ ಇನ್ನೂ ಹತ್ತು ಕಡೆ ಸಿಗುತ್ತದೆ, ಅದಕ್ಕಾಗಿ ಯಾರೂ ಹುಡುಕಿಕೊಂಡು ಬರಬೇಕಾಗಿಲ್ಲ. ಆದರೆ ಡಿಸೆಂಬರಿನಲ್ಲಿ ಬಾಗಿಲ ಮೇಲೆ 'ಸೊಗಡವರೆ ಬಂದಿದೆ' ಎಂಬ ಬೋರ್ಡು ಬಿತ್ತೆಂದರೆ ನಾಗರಬಾವಿ, ವಿಜಯನಗರ, ಅಷ್ಟು ದೂರದ ರಾಜಾಜಿನಗರದಿಂದಲೂ ಜನ ಗಾಡಿ ಹತ್ತಿ ಬರುತ್ತಿದ್ದರು. ಹಿತಕಿದ ಬೇಳೆ ಸಾರು, ಮುದ್ದೆ, ಅವರೆಕಾಳು ಹಾಕಿದ ಅಕ್ಕಿರೊಟ್ಟಿ. ಸಂಕ್ರಾಂತಿ ಕಳೆದು ಸ್ವಲ್ಪ ದಿನದವರೆಗಿನ ಈ ವ್ಯಾಪಾರವೇ ವರ್ಷದ ಉಳಿದ ದಿನಗಳನ್ನು ಎತ್ತಿ ಹಿಡಿಯುತ್ತಿತ್ತು. ಬಂದ ಅವರೆಗೆ ಸೊಗಡು ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಅಕ್ಕಯ್ಯಮ್ಮನ ಪಾಲಿನ ಕೆಲಸ.

ಸೊಗಡೆಂದರೆ ಕಾಯಿಯ ಸಿಪ್ಪೆಯ ಮೇಲೆ ಅಂಟಂಟಾಗಿ ಕೂತಿರುವ ಸೊನೆಯ ಘಮ. ಚಳಿಯ ರಾತ್ರಿಗಳಲ್ಲಿ ಇಬ್ಬನಿ ಬಿದ್ದಷ್ಟೂ ಅದು ಏರುತ್ತದೆ. ಅಕ್ಕಯ್ಯಮ್ಮನ ಮಾತಿನಲ್ಲಿ ಅದು 'ಮಂಜು ಕುಡಿದ ಕಾಯಿ'. ಒಂದು ಸಲ ಕೈಗೆ ಹತ್ತಿದರೆ ಸೋಪು ಹಾಕಿ ತಿಕ್ಕಿದರೂ ಮಾರನೇ ದಿನದವರೆಗೆ ಹೋಗುವುದಿಲ್ಲ. ಅವಳ ಗಂಡ ಮರಿಯಪ್ಪ ಇದ್ದಾಗ, ಈಗ ಡಬಲ್ ರೋಡು ಹಾದುಹೋಗಿರುವ ಕಡೆ ಅವರದೇ ಹೊಲವಿತ್ತು. ಬೆಳಿಗ್ಗೆ ಅವರೆ ಕಿತ್ತುಕೊಂಡು ಬಂದರೆ ಮೊಣಕಾಲವರೆಗೆ ಅವನ ಪಂಚೆ ಒದ್ದೆಯಾಗಿರುತ್ತಿತ್ತು, ಆ ಪಂಚೆ ಒಗೆಯುವಾಗ ಕಲ್ಲಿಗೂ ಸೊಗಡು ಹತ್ತುತ್ತಿತ್ತು. ಹೊಲ ಲೇಔಟಿಗೆ ಹೋದ ವರ್ಷ ಮರಿಯಪ್ಪ ಮನೆಯ ಬೀಜವನ್ನು ತಾವರೆಕೆರೆ ಕಡೆಯ ಗಂಗಾಧರಯ್ಯನಿಗೆ ಕೊಟ್ಟಿದ್ದ. ಅಂದಿನಿಂದ ಗಂಗಾಧರಯ್ಯ ಬೆಳೆಯುತ್ತಾನೆ, ಇವರು ಕೊಳ್ಳುತ್ತಾರೆ.

ಕೊಳ್ಳುವುದಕ್ಕೂ ಒಂದು ಕ್ರಮವಿತ್ತು. ಮೊದಲ ಮೂಟೆ ಹೋಟೆಲಿಗೆ ಹೋಗುವಂತಿಲ್ಲ, ಮನೆಯ ಮುಂದೆ ಬರಬೇಕು. ಅಕ್ಕಯ್ಯಮ್ಮ ಬರೀ ನೀರಲ್ಲಿ ಕೈ ತೊಳೆದು, ಮೂಟೆಯ ನಡುವಿನಿಂದ ಒಂದು ಹಿಡಿ ಕಾಯಿ ತೆಗೆದು, ಅಂಗೈಯಲ್ಲಿ ಉಜ್ಜಿ ಮೂಸಿ ನೋಡುತ್ತಿದ್ದಳು. ಮೂಸಿ ಒಂದೇ ಮಾತು ಹೇಳುತ್ತಿದ್ದಳು: "ಇಳಿಸು." ಆ ಮಾತು ಬಿದ್ದ ಮೇಲೆಯೇ ಗಂಗಾಧರಯ್ಯ ಆಟೋದಿಂದ ಉಳಿದ ಮೂಟೆಗಳನ್ನು ಇಳಿಸುತ್ತಿದ್ದ, ಆಮೇಲೆ ಕಾಫಿ ಕುಡಿಯುತ್ತಿದ್ದ. ಬೆಲೆಯ ಮಾತು ಅದಾದ ಮೇಲೆ.

ಈ ವರ್ಷ ಕಾರ್ತೀಕ ಕಳೆದರೂ ರಾತ್ರಿ ಫ್ಯಾನು ಹಾಕಿ ಮಲಗಬೇಕಾಗಿತ್ತು. ಹೂವು ಕಟ್ಟುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು, ಎಲ್ಲೋ ಸಮುದ್ರದಲ್ಲಿ ಎದ್ದ ಚಂಡಮಾರುತ ಇಲ್ಲಿ ವಾರಗಟ್ಟಲೆ ಸುರಿಸಿತು. ಮಲ್ಲತ್ತಹಳ್ಳಿ ಕೆರೆಯ ಪಕ್ಕದ ಬೀದಿಗಳಲ್ಲಿ ನೀರು ನಿಂತು ಜನ ಬೈದುಕೊಂಡರು. ಮಳೆ ಬಿಟ್ಟ ಮೇಲೆ ಚಳಿ ಬರುತ್ತದೆಂದು ಅಕ್ಕಯ್ಯಮ್ಮ ಕಾದಳು. ಬಂದದ್ದು ಸೆಕೆ. ದಿನಾ ಬೆಳಿಗ್ಗೆ ಎದ್ದು ಹೊರಗೆ ನಿಲ್ಲಿಸಿದ ರಾಜೇಂದ್ರನ ಸ್ಕೂಟರಿನ ಸೀಟಿನ ಮೇಲೆ ಅಂಗೈ ಎಳೆದು ನೋಡುವುದು ಅವಳ ಅಭ್ಯಾಸ. ಬೇರೆ ವರ್ಷ ಈ ದಿನಗಳಲ್ಲಿ ಕೈ ಪೂರಾ ಒದ್ದೆಯಾಗಿ, ಅವನು ಬಟ್ಟೆ ತಂದು ಒರೆಸದೆ ಗಾಡಿ ಹತ್ತುವಂತಿರಲಿಲ್ಲ. ಈ ಸಲ ಅಂಗೈಗೆ ಬಂದದ್ದು ಧೂಳು.

ಗಂಗಾಧರಯ್ಯ ಮೊದಲ ಮೂಟೆ ತಂದ ದಿನ ಅವಳು ಎರಡು ಸಲ ಮೂಸಿದಳು, ಆಮೇಲೆ ಬೇರೆ ಹಿಡಿ ತೆಗೆದು ಮೂರನೇ ಸಲ ಮೂಸಿದಳು. ಗೋಣಿಯ ವಾಸನೆ ಬಂತು, ಹಸಿ ಹುಲ್ಲಿನ ವಾಸನೆ ಬಂತು, ಗಂಗಾಧರಯ್ಯನ ಕೈಯ ಬೀಡಿಯ ವಾಸನೆಯೂ ಬಂತು. ಬರಬೇಕಾದದ್ದು ಬರಲಿಲ್ಲ. ಬೆರಳು ಅಂಟಲೂ ಇಲ್ಲ.

"ಯಾವ ಬೀಜ ಹಾಕಿದೀಯ ಗಂಗಾಧರಯ್ಯ?"

"ಇದೇನಕ್ಕ ಹಿಂಗ್ ಕೇಳ್ತೀರ? ನಿಮ್ಮ ಮನೆ ಬೀಜಾನೇ."

"ನಮ್ಮ ಬೀಜ ಹಿಂಗಿರಲ್ಲ. ಹೈಬ್ರೀಡ್ ಬೆರೆಸಿದೀಯ. ನಂಗೆ ಹೇಳ್ಬೇಡ."

ಬೀದಿಯಲ್ಲಿ ತರಕಾರಿ ಗಾಡಿಯವನಿದ್ದ, ಎದುರು ಮನೆಯವರು ಹೊಸಿಲು ತೊಳೆಯುತ್ತಿದ್ದರು. ಎಲ್ಲರಿಗೂ ಕೇಳಿಸಿತು. ಹೂವು ಉದುರಿಹೋದದ್ದು, ಎರಡನೇ ಸಲ ಹೂ ಬಿಟ್ಟು ಕಾಯಿ ಕಟ್ಟಿದ್ದು, ಮಂಜು ಬೀಳದೇ ಇದ್ದದ್ದು ಎಲ್ಲವನ್ನೂ ಗಂಗಾಧರಯ್ಯ ಸಮಾಧಾನದಿಂದಲೇ ಹೇಳಿದ. ಅಕ್ಕಯ್ಯಮ್ಮ ತಲೆ ಅಲ್ಲಾಡಿಸುತ್ತಲೇ ಇದ್ದಳು. ಕೊನೆಗೆ ಅವನು ಬಿಚ್ಚಿದ ಮೂಟೆಯ ಬಾಯಿ ಕಟ್ಟಿ ಆಟೋದೊಳಕ್ಕೆ ಎತ್ತಿದ.

"ಆಯ್ತಕ್ಕ. ನಿಮ್ಮ ಬಾಯಲ್ಲಿ ಇಳಿಸು ಅನ್ನೋ ಮಾತು ಬರೋ ತನಕ ನಾನು ಈ ಮನೆ ಮುಂದೆ ಮೂಟೆ ಇಳಿಸಲ್ಲ."

ಕಾಫಿಗೆಂದು ಸೊಸೆ ಲತಾ ತಂದ ಲೋಟ ಅವಳ ಕೈಯಲ್ಲೇ ಉಳಿಯಿತು.

ಆ ರಾತ್ರಿಯ ಊಟದಲ್ಲಿ ಮುದ್ದೆಯ ಜೊತೆ ಇದ್ದದ್ದು ಬರೀ ಸೊಪ್ಪಿನ ಸಾರು. ರಾಜೇಂದ್ರ ಮುದ್ದೆ ಮುರಿಯದೆ ಕೂತಿದ್ದ. ಮನುಷ್ಯ ಕೆಟ್ಟವನಲ್ಲ. ಬೆಳಗಿನ ಜಾವಕ್ಕೆ ಎದ್ದು ಹಿಟ್ಟು ರುಬ್ಬಿಸಿ, ಸಂಜೆಯವರೆಗೆ ಕಾಲ ಮೇಲೆ ನಿಂತು ದುಡಿಯುವವನು. ಆದರೆ ನಿಂತು ನಿಂತು ಅವನ ತಾಳ್ಮೆಯ ಕಾಲೂ ನೋಯುತ್ತಿತ್ತು.

"ಬೋರ್ಡ್ ಹಾಕಾಗಿದೆ ಅಮ್ಮ. ಜನ ಕೇಳ್ತಾ ಇದಾರೆ. ನಾಳೆಯಿಂದ ಏನ್ ಬಡಿಸ್ಲಿ?"

"ಸೊಗಡವರೆ ಅಂತ ಬರ್ದು ಸೊಗಡಿಲ್ದಿರೋದು ಬಡಿಸ್ತೀಯೇನೋ?"

"ತಿನ್ನೋರಿಗೆ ಯಾರಿಗೆ ಗೊತ್ತಾಗುತ್ತೆ ಈಗ?"

"ನಂಗೆ ಗೊತ್ತಾಗುತ್ತೆ."

"ನಿಂಗೆ ಗೊತ್ತಾಗ್ತಿಲ್ಲ ಅನ್ನೋದೇ ಈಗಿರೋ ಕಷ್ಟ" ಎಂದ ರಾಜೇಂದ್ರ. "ಕೊರೋನಾದಲ್ಲಿ ನಿನ್ ಮೂಗು ಹೋಗಿತ್ತಲ್ಲ, ಅದು ಪೂರ್ತಿ ವಾಪಸ್ ಬಂದಿಲ್ಲ. ಹೇಳಿದ್ರೆ ಬೇಜಾರ್ ಮಾಡ್ಕೋತೀಯ ಅಂತ ಇಷ್ಟ್ ದಿನ ಸುಮ್ನಿದ್ದೆ."

ಲತಾ ಗಂಡನಿಗೆ ಕಣ್ಣುಸನ್ನೆ ಮಾಡಿದಳು. ತಡವಾಗಿತ್ತು. ಮೊಮ್ಮಗಳು ಕೀರ್ತನಾ ಫೋನಿನಲ್ಲಿ ಹುಡುಕಿ, ಕೆಲವರಿಗೆ ಕೆಲವು ವಾಸನೆ ಮಾತ್ರ ಹೋಗುತ್ತದಂತೆ, ಉಳಿದದ್ದೆಲ್ಲ ಚೆನ್ನಾಗಿಯೇ ಬರುತ್ತದಂತೆ ಎಂದು ಓದಿ ಹೇಳಿದಳು. ಅವಳು ಹೇಳಿದ್ದು ಸಮಾಧಾನಕ್ಕೆ. ಅಕ್ಕಯ್ಯಮ್ಮ ಅರ್ಧ ಮುದ್ದೆ ಬಿಟ್ಟು ಎದ್ದು ತಟ್ಟೆ ತೊಳೆದಿಟ್ಟಳು. ಆ ಮನೆಯಲ್ಲಿ ಅವಳು ಅನ್ನ ಬಿಟ್ಟು ಎದ್ದದ್ದು ಮರಿಯಪ್ಪ ಹೋದ ಮೇಲೆ ಅದೇ ಮೊದಲು.

ರಾಜೇಂದ್ರ ಮಾರ್ಕೆಟ್ಟಿನಿಂದ ಅವರೆ ತಂದ. ಕಾಯಿಯಲ್ಲ, ಹಿತಕಿದ ಬೇಳೆಯನ್ನೇ ತಂದ. ಈಗ ಅದೂ ಕವರಿನಲ್ಲಿ ಸಿಗುತ್ತದೆ. ಬೇರೆ ವರ್ಷ ಆಗಿದ್ದರೆ ನೆನೆಸಿದ ಕಾಳನ್ನು ದೊಡ್ಡ ತಾಮ್ರದ ಬೋಗುಣಿಗೆ ಹಾಕಿ, ನಡುಮನೆಯಲ್ಲಿ ಎಲ್ಲರೂ ಸುತ್ತ ಕೂತು, ಟಿವಿ ನೋಡುತ್ತ ಒಂದೊಂದೇ ಕಾಳನ್ನು ಬೆರಳ ಸಂದಿಯಲ್ಲಿ ಹಿತುಕಿ ಸಿಪ್ಪೆ ಬೇರೆ ಬೇಳೆ ಬೇರೆ ಮಾಡುತ್ತಿದ್ದರು. ಕೀರ್ತನಾ ಬೇಕೆಂದೇ ಬೇಳೆಯನ್ನು ಅಪ್ಪನ ಮುಖಕ್ಕೆ ಚಿಮ್ಮಿಸುತ್ತಿದ್ದಳು. ಬೀದಿಯ ಜಗಳ, ನೆಂಟರ ಸಂಬಂಧ, ಕಾಲೇಜಿನ ಫೀಸು, ಎಲ್ಲ ಮಾತೂ ಆ ಬೋಗುಣಿಯ ಸುತ್ತಲೇ ಆಗುತ್ತಿತ್ತು. ಈ ವರ್ಷ ಬೋಗುಣಿ ಅಟ್ಟದಿಂದ ಕೆಳಗಿಳಿಯಲಿಲ್ಲ. ಊಟವಾದ ಮೇಲೆ ಕೀರ್ತನಾ ಫೋನು ಹಿಡಿದು ರೂಮಿಗೆ ಹೋಗುತ್ತಿದ್ದಳು, ರಾಜೇಂದ್ರ ಮಲಗುತ್ತಿದ್ದ, ಲತಾ ನಾಳೆಯ ಚಟ್ನಿಗೆ ಕಾಯಿ ತುರಿಯುತ್ತಿದ್ದಳು. ಅಕ್ಕಯ್ಯಮ್ಮ ಟಿವಿ ಹಾಕಿಕೊಂಡು ಕೂರುತ್ತಿದ್ದಳು. ಕೈಗೆ ಕೆಲಸವಿಲ್ಲದೆ ಧಾರಾವಾಹಿಯನ್ನು ಹೇಗೆ ನೋಡುವುದೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಹೋಟೆಲಿನಲ್ಲಿ ವ್ಯಾಪಾರ ಚೆನ್ನಾಗಿಯೇ ನಡೆಯಿತು. ಒಂದು ಭಾನುವಾರ ಅವಳು ಅಲ್ಲಿಗೆ ಹೋಗಿ ಗಲ್ಲಾಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಬ್ಯಾಂಕಿನಿಂದ ನಿವೃತ್ತರಾದ ನಾರಾಯಣಪ್ಪನವರು, ಪ್ರತಿವರ್ಷ ತಪ್ಪದೆ ಬರುವವರು, ಸಾರಿನ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು.

"ಏನ್ ಘಮ ಅಮ್ಮ. ಇದಕ್ಕೋಸ್ಕರ ವರ್ಷ ಪೂರ್ತಿ ಕಾಯ್ತೀನಿ ನೋಡಿ."

ಅಕ್ಕಯ್ಯಮ್ಮನೂ ಒಂದು ಬಟ್ಟಲು ತರಿಸಿಕೊಂಡಳು. ಕೊತ್ತಂಬರಿ ಬಂತು, ಚಕ್ಕೆ ಲವಂಗ ಬಂತು, ಹೆಚ್ಚೇ ಹಾಕಿದ ಗಸಗಸೆ ಬಂತು. ಅವರೆ ಎಲ್ಲೂ ಇರಲಿಲ್ಲ. ಸುತ್ತ ಕಾಲೇಜು ಹುಡುಗರು ಗುರು, ಮಚ್ಚಾ ಎನ್ನುತ್ತ ಇನ್ನೊಂದು ಮುದ್ದೆ ಹಾಕಿಸಿಕೊಳ್ಳುತ್ತಿದ್ದರು. ಇಷ್ಟು ಜನ ಸುಳ್ಳು ಹೇಳುತ್ತಾರೆಯೇ? ಅವರಿಗೆಲ್ಲ ಸಿಗುತ್ತಿರುವುದು ತನಗೊಬ್ಬಳಿಗೆ ಸಿಗುತ್ತಿಲ್ಲವೆಂದರೆ ಹೋಗಿರುವುದು ತನ್ನ ಮೂಗೇ. ಹಾಗೆ ಅಂದುಕೊಂಡಾಗ ಅವಳಿಗೆ ಅಳು ಬರಬೇಕಿತ್ತು. ಬಂದದ್ದು ಒಂದು ಥರದ ನೆಮ್ಮದಿ. ಮೂಗು ಹೋದರೆ ಹೋಗಲಿ, ವಯಸ್ಸಾದ ಮೇಲೆ ಕಣ್ಣು ಹೋಗುತ್ತದೆ, ಹಲ್ಲು ಹೋಗುತ್ತದೆ, ಹಾಗೇ ಇದೂ. ಸೊಗಡು ಲೋಕದಲ್ಲಿ ಇದ್ದರೆ ಸಾಕು.

ಅಂದಿನಿಂದ ಅವಳು ತನ್ನ ಮೂಗು ಹೋಗಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದಳು ಎಂದರೆ ಯಾರೂ ನಂಬಲಿಕ್ಕಿಲ್ಲ. ಗಂಗಾಧರಯ್ಯನಿಗೆ ಆಡಿದ ಮಾತು ನೆನಪಾಗಿ ಎದೆ ಚುರ್ರೆನ್ನುತ್ತಿತ್ತು.

ಆ ನೆಮ್ಮದಿಯನ್ನು ಕೆಡಿಸಿದವಳು ಹಾಲವ್ವ. ಗದಗಿನ ಕಡೆಯವಳು, ನಾಗರಬಾವಿಯಲ್ಲಿ ರೂಮು ಮಾಡಿಕೊಂಡು ಡೆಲಿವರಿ ಕೆಲಸದ ಮಗನ ಜೊತೆ ಇದ್ದಾಳೆ. ಹೋಟೆಲಿನ ಹಿಂದಿನ ಕೋಣೆಯಲ್ಲಿ ರೊಟ್ಟಿ ಬಡಿಯುವುದು ಅವಳ ಕೆಲಸ. ಅವರೆಯ ವಾಸನೆ ಅವಳಿಗೆ ಆಗುತ್ತಿರಲಿಲ್ಲ. ಹೋದ ವರ್ಷ ಬಂದ ಹೊಸತರಲ್ಲಿ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕೂರುತ್ತಿದ್ದಳು, ಅದನ್ನು ನೋಡಿ ಎಲ್ಲರೂ ನಕ್ಕಿದ್ದರು. ಜನವರಿಯ ಒಂದು ಮಧ್ಯಾಹ್ನ ಅಕ್ಕಯ್ಯಮ್ಮ ಹಿಂದಿನ ಕೋಣೆಗೆ ಹೋದಾಗ, ಅವಳು ಬೆಂದ ಅವರೆಯ ಹಂಡೆಯ ಪಕ್ಕದಲ್ಲೇ ಸೆರಗು ಕಟ್ಟದೆ ಕೂತು ಊಟ ಮಾಡುತ್ತಿದ್ದಳು.

"ಏನ್ ಹಾಲವ್ವ, ಅಭ್ಯಾಸ ಆಯ್ತಾ ಅವರೆ?"

"ಅಭ್ಯಾಸ ಅಲ್ರಿ ಅಮ್ಮಾರ. ಹೋದ ವರ್ಷ ಇದರ ವಾಸನಿಗೆ ತಲಿ ತಿರಗತಿತ್ತು. ಈ ವರ್ಷ ಏನೂ ತ್ರಾಸ ಇಲ್ರಿ. ವಾಸನೀನ ಇಲ್ಲ ಇದಕ್ಕ."

ಅವಳು ಹಾಗೆ ಹೇಳಿ ರೊಟ್ಟಿ ಮುರಿದುಕೊಂಡಳು. ಅಕ್ಕಯ್ಯಮ್ಮ ಬಂದ ಕೆಲಸವನ್ನು ಮರೆತು, ಸಿಕ್ಕ ಆಟೋ ಹತ್ತಿ ಮನೆಗೆ ಬಂದಳು.

ಮನೆಯಲ್ಲಿ ಯಾರೂ ಇರಲಿಲ್ಲ. ಅವಳಿಗೆ ದಾರಿಯಲ್ಲಿ ನೆನಪಾದದ್ದು ಫ್ರಿಜ್ಜು. ಹೋದ ವರ್ಷದ ಹಿಂದಿನ ವರ್ಷ, ಒಳ್ಳೇ ಚಳಿ ಬಿದ್ದ ವರ್ಷ, ಲತಾಳ ತಮ್ಮ ಹಾಸನದಿಂದ ಬರುತ್ತಾನೆಂದು ಗಂಗಾಧರಯ್ಯನ ಕಾಳನ್ನು ಒಂದು ಕವರಿಗೆ ಹಾಕಿ ಮೇಲಿನ ಐಸಿನ ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದರು. ಅವನು ಬರಲಿಲ್ಲ, ಕವರು ಮರೆತುಹೋಯಿತು. ಬಟಾಣಿ, ತೆಂಗಿನ ತುರಿ, ಯಾವುದೋ ಹುಟ್ಟುಹಬ್ಬದ ಕೇಕಿನ ತುಂಡು, ಎಲ್ಲವನ್ನೂ ಸರಿಸಿದಾಗ ಐಸಿಗೆ ಅಂಟಿಕೊಂಡು ಅದು ಸಿಕ್ಕಿತು. ಚಮಚದಿಂದ ಕೆತ್ತಿ ತೆಗೆದು, ಬಿಸಿನೀರಿಗೆ ಹಾಕಿ, ಒಲೆಯ ಮೇಲಿಟ್ಟು, ಎದುರಿಗೆ ನಿಂತಳು.

ಮೊದಲು ಏನೂ ಇಲ್ಲ. ಆಮೇಲೆ ನೀರು ಕುದಿ ಹಿಡಿದು ಆವಿ ಏಳುತ್ತಿದ್ದಂತೆ ಅದು ಬಂತು. ಮೆತ್ತಗೆ, ಹಳೆಯದಾಗಿ, ಆದರೂ ಅದೇ. ಮೂಗಿಗೆ ಬಂದು, ಗಂಟಲಿಗೆ ಇಳಿದು, ಕಣ್ಣಿಗೆ ಏರಿತು. ಒದ್ದೆ ಪಂಚೆಯ ಮರಿಯಪ್ಪ ಹಿತ್ತಲಲ್ಲಿ ಬಂದು ನಿಂತ ಹಾಗಾಯಿತು. ಅಕ್ಕಯ್ಯಮ್ಮ ಅಡುಗೆಕಟ್ಟೆ ಹಿಡಿದುಕೊಂಡು ಜೋರಾಗಿ ಅತ್ತಳು. ಮೂಗು ಉಳಿದಿದೆ ಎಂಬ ಸಂತೋಷಕ್ಕೆ ಅಲ್ಲ. ಮೂಗು ಸರಿ, ಬೀಜ ಸರಿ, ಗಂಗಾಧರಯ್ಯ ಸರಿ. ಹಾಗಾದರೆ ಇಲ್ಲದೇ ಹೋಗಿರುವುದು ಇಬ್ಬನಿ. ಇಬ್ಬನಿ ಬೀಳಲಿಲ್ಲವೆಂದು ಯಾರನ್ನು ಬೀದಿಯಲ್ಲಿ ನಿಲ್ಲಿಸಿ ಬೈಯುವುದು?

ಅತ್ತು ಮುಗಿದ ಮೇಲೆ ಅವಳ ಹಟ ಎದ್ದು ಕೂತಿತು. ಇದ್ದ ಕಾಳಿಗೆ ಖಾರ ರುಬ್ಬಿ ಹಾಕಿ ಒಂದೇ ಬಟ್ಟಲು ಸಾರು ಮಾಡಿ, ತಟ್ಟೆ ಮುಚ್ಚಿಟ್ಟಳು. ರಾಜೇಂದ್ರ ಬರಲಿ. ಅವನ ಮೂಗಿಗೆ ಹಿಡಿದು, ನೋಡೋ, ಸೊಗಡಂದ್ರೆ ಇದು ಕಣೋ, ನಿಮ್ಮಮ್ಮನ ಮೂಗು ಹೋಗಿಲ್ಲ ಎನ್ನಬೇಕು. ಅವನು ತಲೆ ತಗ್ಗಿಸುವುದನ್ನು ನೋಡಬೇಕು. ಅಷ್ಟು ದಿನದ ಮೇಲೆ ಅವಳಿಗೆ ಹಸಿವಾಯಿತು.

ಆದರೆ ಮಗನಿಗಿಂತ ಮೊದಲು ಬಂದವನು ಗಂಗಾಧರಯ್ಯ. ಆಟೋದಲ್ಲಿ ಎರಡು ಮೂಟೆ ಇತ್ತು, ಅದನ್ನು ಅವನು ಮುಟ್ಟಲಿಲ್ಲ. ಟವೆಲಿನ ತುದಿಯಲ್ಲಿ ಕಟ್ಟಿದ ಗಂಟೊಂದನ್ನು ಬಿಚ್ಚಿ, ಒಣ ಅವರೆಬೀಜವನ್ನು ಜಗಲಿಯ ಮೇಲೆ ಅವಳ ಮುಂದೆ ಸುರಿದ.

"ಮರಿಯಪ್ಪಣ್ಣ ಕೊಟ್ಟಿದ್ದು. ನಿಮ್ಮ ಮನೇದು ನಿಮಗೇ ಇರ್ಲಿ ಅಕ್ಕ."

ಅಕ್ಕಯ್ಯಮ್ಮ ಒಳಗೆ ಕರೆದರೂ ಅವನು ಜಗಲಿಯ ಅಂಚಿನಲ್ಲೇ ಕೂತು ಹೇಳಿದ. ಅಕ್ಕ ಮೂಟೆ ವಾಪಸ್ಸು ಕಳಿಸಿದಳೆಂಬ ಸುದ್ದಿ ವಿಜಯನಗರದವರೆಗೆ ಹೋಗಿತ್ತು. ಮಾಮೂಲಿ ತೆಗೆದುಕೊಳ್ಳುತ್ತಿದ್ದ ಹೋಟೆಲಿನವರು ಈ ವರ್ಷ ಬೇಡವೆಂದರು. ರಸ್ತೆ ಬದಿಯಲ್ಲಿ ಸುರಿದು ಮಾರಿದರೆ ಕಿತ್ತ ಕೂಲಿಯೂ ಹುಟ್ಟಲಿಲ್ಲ. ಲಾರಿ ನಿಲ್ಲಿಸುವುದಕ್ಕೆ ಹೊಲವನ್ನು ಲೀಸಿಗೆ ಕೇಳುತ್ತಿದ್ದಾರೆ, ಹಬ್ಬ ಕಳೆದ ಮೇಲೆ ಜಲ್ಲಿ ಹೊಡೆಸುತ್ತಾರಂತೆ. ಹೆಂಡತಿಯೂ ಮಕ್ಕಳೂ ಕೊಟ್ಟುಬಿಡು ಎನ್ನುತ್ತಿದ್ದಾರೆ.

"ಹೋಗ್ಲಿ ಬಿಡಿ. ಆದ್ರೆ ನಾನು ಬೀಜ ಬೆರೆಸ್ಲಿಲ್ಲ ಅಕ್ಕ. ಅದೊಂದು ಮಾತು ನಿಮ್ ಬಾಯಲ್ಲಿ ಬರ್ಬಾರ್ದಿತ್ತು."

ಅಡುಗೆಮನೆಯಲ್ಲಿ ಮುಚ್ಚಿಟ್ಟ ಬಟ್ಟಲಿನ ಘಮ ಜಗಲಿಯವರೆಗೆ ಸಣ್ಣಗೆ ಬರುತ್ತಿತ್ತು. ಅವಳು ನಿಜ ಹೇಳಬಹುದಿತ್ತು. ಬೀಜ ನಿನ್ನದು ಸರಿ, ಕಾಯಿಗೆ ಸೊಗಡು ಮಾತ್ರ ಇಲ್ಲ, ಕಾಲ ಕೆಟ್ಟಿದೆ ಎನ್ನಬಹುದಿತ್ತು. ಅದರಿಂದ ಗಂಗಾಧರಯ್ಯನ ಮಾನ ಉಳಿಯುತ್ತಿತ್ತು, ತನ್ನ ಮೂಗಿನ ಮಾನವೂ ಉಳಿಯುತ್ತಿತ್ತು. ಆದರೆ ಸೊಗಡಿಲ್ಲವೆಂದು ಅಕ್ಕಯ್ಯಮ್ಮ ಎರಡನೇ ಸಲ ಹೇಳಿದ ಅವರೆಯನ್ನು ಯಾರು ಕೊಳ್ಳುತ್ತಾರೆ? ಹೊಲಕ್ಕೆ ಜಲ್ಲಿ ಬೀಳುತ್ತದೆ. ಈ ಬೀಜ ತನ್ನ ಮುಂದೆ ಹೀಗೇ ಬಿದ್ದಿರುತ್ತದೆ, ಬಿತ್ತುವುದಕ್ಕೆ ಅವಳ ಹತ್ತಿರ ಹೂಕುಂಡವೂ ಇಲ್ಲ. ಮುಂದಿನ ವರ್ಷವೋ ಅದರ ಮುಂದಿನ ವರ್ಷವೋ ಒಂದು ವೇಳೆ ಮಂಜು ಬಿದ್ದರೆ, ಅದನ್ನು ಕುಡಿಯುವುದಕ್ಕೆ ಒಂದು ಗಿಡವಾದರೂ ನೆಲದ ಮೇಲೆ ಇರಬೇಡವೇ?

ಅವಳು ಬೀಜವನ್ನು ಒಂದೂ ಬಿಡದೆ ಬಳಿದು ಅವನ ಟವೆಲಿಗೆ ತುಂಬಿ ಗಂಟು ಹಾಕಿದಳು. ಎದ್ದು ಆಟೋದ ಹತ್ತಿರ ಹೋಗಿ, ಮೂಟೆಗೆ ಕೈ ಹಾಕಿ, ಒಂದು ಹಿಡಿ ಉಜ್ಜಿ ಮೂಗಿಗೆ ಹಿಡಿದಳು. ಎದುರು ಮನೆಯವರು ನೋಡುತ್ತಿದ್ದರು. ನೋಡಲಿ ಎಂದೇ ಜೋರಾಗಿ ಹೇಳಿದಳು.

"ಕಾಯಲ್ಲಿ ತಪ್ಪಿಲ್ಲ ಗಂಗಾಧರಯ್ಯ. ನನ್ ಮೂಗೇ ಹೋಗಿದೆ. ಕೊರೋನಾದಲ್ಲಿ ಹೋಗಿದ್ದು ಬಂದೇ ಇಲ್ಲ. ಸುಮ್ನೆ ನಿನ್ ಮೇಲೆ ಹಾಕ್ದೆ. ಇಳಿಸು."

ಗಂಗಾಧರಯ್ಯ ತಕ್ಷಣ ಏಳಲಿಲ್ಲ. ಇಷ್ಟು ವರ್ಷ ಅದೇ ಕಾಯಿ ಬೆಳೆದವನಿಗೆ ತನ್ನ ಮೂಟೆಯಲ್ಲಿ ಏನಿಲ್ಲವೆಂದು ಗೊತ್ತಿರಲಿಲ್ಲವೆಂದರೆ ನಂಬುವುದು ಕಷ್ಟ. ಮನೆಯೊಳಗಿನಿಂದ ಬರುತ್ತಿದ್ದ ಘಮ ಅವನಿಗೆ ತಾಗಿರಲಿಲ್ಲವೆಂದರೂ ಕಷ್ಟ. ಅವನು ಒಂದು ಸಲ ಬಾಗಿಲ ಕಡೆ ನೋಡಿದ, ಅವಳ ಕಡೆ ನೋಡಲಿಲ್ಲ. ಎದ್ದು ಮೂಟೆ ಇಳಿಸಿದ.

"ಮುಂದಿನ ವರ್ಷಾನೂ ಹಾಕು. ಲಾರಿಯೋರಿಗೆ ಕೊಡ್ಬೇಡ."

"ನೋಡ್ತೀನಕ್ಕ" ಎಂದ ಗಂಗಾಧರಯ್ಯ. ಬೀಜದ ಗಂಟನ್ನು ಹೆಗಲ ಮೇಲೆ ಹಾಕಿಕೊಂಡು ಹೋದ.

ಅವನು ಹೋದ ಮೇಲೆ ಅಕ್ಕಯ್ಯಮ್ಮ ಒಳಗೆ ಬಂದು, ಬಾಗಿಲು ಹಾಕಿಕೊಂಡು, ಬಟ್ಟಲಿನ ಸಾರನ್ನು ಬೆಳಗಿನ ತಂಗಳು ಮುದ್ದೆಯ ಜೊತೆ ಉಂಡಳು. ಬೇಗ ಉಣ್ಣಬೇಕಿತ್ತು, ಯಾರಾದರೂ ಬಂದಾರು. ಆದರೂ ಕೊನೆಯ ನಾಲ್ಕು ಕಾಳನ್ನು ಬೆರಳಲ್ಲಿ ಹಿತುಕಿ, ಸಿಪ್ಪೆ ತೆಗೆದು, ಒಂದೊಂದಾಗಿ ತಿಂದಳು. ಬಟ್ಟಲು ತೊಳೆದು ಕಿಟಕಿಗಳನ್ನು ತೆರೆದು ಎರಡು ಊದುಬತ್ತಿ ಹಚ್ಚಿಟ್ಟಳು. ಅಷ್ಟು ಚೆನ್ನಾದ ಊಟವನ್ನು ಅಷ್ಟು ಒಂಟಿಯಾಗಿ ಅವಳು ಯಾವತ್ತೂ ಮಾಡಿರಲಿಲ್ಲ.

ರಾಜೇಂದ್ರ ಬಂದು ಮೂಟೆ ನೋಡಿದ, ವಿಷಯ ಕೇಳಿದ. ಗೆದ್ದವನ ಹಾಗೆ ನಗಲಿಲ್ಲ, ಅದು ಅವನ ಒಳ್ಳೇತನ. ಅಮ್ಮನ ಪಕ್ಕ ಕೂತು, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ, ಡಾಕ್ಟರಿಗೆ ತೋರಿಸೋಣ ಎಂದ. ಡಾಕ್ಟರ್ ಬೇಡವೆಂದು ಅವಳು ಗಟ್ಟಿಯಾಗಿ ಹೇಳಿದಳು. ಬಹಳ ದಿನದ ಮೇಲೆ ಮಗ ಅವಳ ಕೈ ಹಿಡಿದುಕೊಂಡಿದ್ದ. ಅವನ ಅಂಗಿಯ ಜೇಬಿನಿಂದ ಸಿಗರೇಟಿನ ವಾಸನೆ ಬರುತ್ತಿತ್ತು. ಮತ್ತೆ ಶುರು ಮಾಡಿದ್ದಾನೆ. ಅಕ್ಕಯ್ಯಮ್ಮ ಬಾಯಿ ತೆರೆದವಳು ಮುಚ್ಚಿದಳು.

ಮುಂದಿನ ಮೂಟೆ ಬಂದಾಗ ಮೂಸಿ ನೋಡಿದವಳು ಲತಾ. ಅತ್ತೆಯ ಹಾಗೇ ಕೈ ತೊಳೆದು, ಉಜ್ಜಿ, ಸ್ವಲ್ಪ ನಾಚಿಕೊಂಡೇ ಮೂಗಿಗೆ ಹಿಡಿದು, ಚೆನ್ನಾಗಿದೆ ಅಲ್ವಾ ಎಂದು ಗಂಗಾಧರಯ್ಯನನ್ನೇ ಕೇಳಿ, ಇಳಿಸಿ ಎಂದಳು. ವಿಜಯನಗರದ ಹೋಟೆಲಿನವರೂ ಮತ್ತೆ ಕೊಂಡರಂತೆ. ಸಂಕ್ರಾಂತಿಗೆ ಬೇಯಿಸಿದ ಅವರೆಕಾಯಿ, ಕಡಲೆಕಾಯಿ, ಗೆಣಸು ಎಲ್ಲ ಆಯಿತು. ಕೀರ್ತನಾ ಹೊಸ ಸೀರೆಯುಟ್ಟು ಎಳ್ಳು ಬೀರಿ ಬಂದಳು. ಮಳೆಯಲ್ಲಿ ಕೆಟ್ಟ ಹೂವಿನ ಮಾತನ್ನು ಯಾರೂ ಎತ್ತಲಿಲ್ಲ.

ಒಂದೇ ಒಂದು ತೊಡಕಾಯಿತು, ಅದನ್ನು ಅಕ್ಕಯ್ಯಮ್ಮ ಮೊದಲೇ ಯೋಚಿಸಿರಲಿಲ್ಲ. ಹಬ್ಬದ ಮಾರನೇ ದಿನ ರಾಜೇಂದ್ರ ಅವಳ ಮುಂದೆ ಕೂತು, ಬೇಜಾರು ಮಾಡಿಕೊಳ್ಳಬೇಡವೆಂದು ಮೊದಲೇ ಹೇಳಿ, ವಿಷಯಕ್ಕೆ ಬಂದ.

"ನೀನು ಮಧ್ಯಾಹ್ನ ಒಬ್ಳೇ ಇರ್ತೀಯ. ಗ್ಯಾಸ್ ಲೀಕ್ ಆದ್ರೆ ನಿಂಗೆ ವಾಸ್ನೆ ಗೊತ್ತಾಗಲ್ಲ. ಇನ್ಮೇಲೆ ಒಲೆ ಹತ್ರ ಹೋಗ್ಬೇಡಮ್ಮ. ಕಾಫಿ ಲತಾ ಫ್ಲಾಸ್ಕಲ್ಲಿ ಹಾಕಿಡ್ತಾಳೆ."

ಅದರಲ್ಲಿ ತಪ್ಪು ಹುಡುಕುವುದು ಹೇಗೆ? ಮಗ ಹೇಳಿದ್ದು ಪ್ರೀತಿಯಿಂದ. ಅವಳು ಹೂಂ ಎಂದಳು. ಮದುವೆಯಾಗಿ ಬಂದ ದಿನದಿಂದ ಉರಿಸಿದ ಒಲೆಯ ಹತ್ತಿರ ಅವಳಿಗೆ ಅಂದಿನಿಂದ ಕೆಲಸವಿಲ್ಲವಾಯಿತು. ಜಗಲಿಯ ಮೇಲೆ ಕೂತರೆ ಮೂಗು ಮಾತ್ರ ಸುಮ್ಮನಿರುತ್ತಿರಲಿಲ್ಲ. ಹಿಟ್ಟು ಹುಳಿ ಬಂದದ್ದು, ತೊಗರಿಬೇಳೆಗೆ ಹುಳು ಬಿದ್ದದ್ದು, ಕೀರ್ತನಾಳ ದುಪಟ್ಟಾದಲ್ಲಿ ಬೇರೆ ಯಾರದೋ ಸೆಂಟು, ಎಲ್ಲವೂ ಬಂದು ಹೇಳುತ್ತಿದ್ದವು. ಅಕ್ಕಯ್ಯಮ್ಮ ಯಾರಿಗೂ ಏನೂ ಹೇಳುತ್ತಿರಲಿಲ್ಲ.

ಜನವರಿ ಕೊನೆಯ ಒಂದು ಬೆಳಿಗ್ಗೆ ಅವಳು ಎಂದಿನಂತೆ ಹೊರಗೆ ಬಂದು ಸ್ಕೂಟರಿನ ಸೀಟಿನ ಮೇಲೆ ಅಂಗೈ ಎಳೆದಳು. ಒಣಗಿತ್ತು. ಲತಾ ಒಲೆಯ ಮೇಲೆ ಹಾಲಿಟ್ಟು ಬಟ್ಟೆ ಹರವಲು ಮಹಡಿಗೆ ಹೋಗಿದ್ದಳು. ರಾಜೇಂದ್ರ ಸ್ನಾನದ ಮನೆಯಲ್ಲಿದ್ದ. ಹಾಲು ಕಾದ ವಾಸನೆ ಬಂತು, ಆಮೇಲೆ ಉಕ್ಕಿ ಬಿದ್ದ ವಾಸನೆ ಬಂತು, ಆಮೇಲೆ ತಳ ಹತ್ತುವ ವಾಸನೆ. ಅಕ್ಕಯ್ಯಮ್ಮನ ಕಾಲು ತಾನಾಗಿಯೇ ಅಡುಗೆಮನೆಯ ಹೊಸಿಲವರೆಗೆ ಹೋಯಿತು. ಎರಡು ಹೆಜ್ಜೆ ಹಾಕಿ ಗ್ಯಾಸಿನ ಕಿವಿ ತಿರುಗಿಸಿದರೆ ಸಾಕಿತ್ತು. ಕೆಳಗೆ ಮೂಲೆಯಲ್ಲಿ ಗಂಗಾಧರಯ್ಯನ ಹಿಂದಿನ ದಿನದ ಮೂಟೆ ಒರಗಿಸಿಟ್ಟಿತ್ತು. ಅವಳು ಅದನ್ನು ನೋಡಿದಳು. ಹಿಂದಕ್ಕೆ ಬಂದು ಜಗಲಿಯ ಮೇಲೆ ಕೂತು, ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

ಮಹಡಿ ಮೆಟ್ಟಿಲಿನಿಂದ ಲತಾ ಓಡಿ ಬಂದು ಒಲೆ ಆರಿಸಿದ್ದು ಕೇಳಿಸಿತು. ಪಾತ್ರೆ ಸಿಂಕಿಗೆ ಬಿತ್ತು. ಕೈ ಒರೆಸಿಕೊಳ್ಳುತ್ತ ಅವಳು ಬಾಗಿಲಿಗೆ ಬಂದಳು.

"ಇಷ್ಟು ಸೀದಿದೆ, ಇಲ್ಲೇ ಕೂತಿದ್ರಲ್ಲ ಅತ್ತೆ. ಒಂಚೂರೂ ವಾಸ್ನೆ ಬರ್ಲಿಲ್ವಾ?"

"ಇಲ್ಲ ಕಣಮ್ಮ" ಎಂದಳು ಅಕ್ಕಯ್ಯಮ್ಮ.